ಫೈಲ್ ಕಂಪನಿಯ ಹೆಸರಲ್ಲಿರಲಿ: ಸಣ್ಣ ಮೆಷಿನ್ ಶಾಪ್‌ಗೆ ಕ್ಲೌಡ್ ಸ್ಟೋರೇಜ್ ಹಾಕಿಕೊಳ್ಳುವುದು ಹೇಗೆ

ಪೀಣ್ಯದಲ್ಲಿ ಹತ್ತು ಹನ್ನೆರಡು ಜನ ಕೆಲಸ ಮಾಡುವ ಯಾವ ಮೆಷಿನ್ ಶಾಪ್‌ಗಾದರೂ ಹೋಗಿ, ಫೈಲ್‌ಗಳೆಲ್ಲ ಎಲ್ಲಿವೆ ಅಂತ ಕೇಳಿ ನೋಡಿ. ಡ್ರಾಯಿಂಗ್ ಡಿಸೈನ್ ಹುಡುಗನ ಲ್ಯಾಪ್‌ಟಾಪ್‌ನಲ್ಲಿ. ಪಿಒ (ಪರ್ಚೇಸ್ ಆರ್ಡರ್) ಓನರ್ ಮೇಲ್‌ನಲ್ಲಿ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಅಕೌಂಟ್ಸ್ ಮೇಡಂ ಕಂಪ್ಯೂಟರ್‌ನಲ್ಲಿ. ಇನ್ಸ್‌ಪೆಕ್ಷನ್ ರಿಪೋರ್ಟ್ ಕ್ಯುಸಿಯವರ (ಕ್ವಾಲಿಟಿ ನೋಡುವವರು) ವಾಟ್ಸಾಪ್‌ನಲ್ಲಿ. ಡಿಸೈನ್ ಹುಡುಗ ಕೆಲಸ ಬಿಡುವ ತನಕ ಎಲ್ಲ ಸರಿಯಾಗೇ ಇರುತ್ತದೆ. ಅವನು ಹೋದ ಮೇಲೆ ಡ್ರಾಯಿಂಗ್‌ಗಳೆಲ್ಲ ಅವನ ಸ್ವಂತ ಜಿಮೇಲ್ ಡ್ರೈವ್‌ನಲ್ಲಿದ್ದವು ಅಂತ ಗೊತ್ತಾಗುತ್ತದೆ. ಅವನೇನೂ ಕದ್ದಿಲ್ಲ ಪಾಪ, ಬೇರೆ ಜಾಗ ಯಾರೂ ಕೊಟ್ಟಿರಲಿಲ್ಲ ಅಷ್ಟೇ.

ಹಾಗಾಗಿ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಫೈಲ್ ಇಡುವ ಜಾಗ, ಹಾಕಿಕೊಳ್ಳುವಾಗ ಎಷ್ಟು ಜಿಬಿ, ಎಷ್ಟು ರೂಪಾಯಿ ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಒಂದೇ: ಈ ಫೈಲ್ ಯಾರದ್ದು? ಕಂಪನಿಯದ್ದೋ, ಅದನ್ನು ಮಾಡಿದವರದ್ದೋ?

ಡೊಮೇನ್‌ನಿಂದ ಶುರು ಮಾಡಿ

ನಿಮ್ಮ ವೆಬ್‌ಸೈಟ್ ವಿಳಾಸ, ಅಂದರೆ ಡೊಮೇನ್, ಯಾರ ಅಕೌಂಟ್‌ನಲ್ಲಿದೆ ಅಂತ ಮೊದಲು ನೋಡಿ. ತುಂಬಾ ಕಡೆ ಅದು ಯಾವತ್ತೋ ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿರುತ್ತದೆ. ಕ್ಲೌಡ್ ಸೇವೆ ಶುರುವಾಗುವಾಗ ಈ ಡೊಮೇನ್ ನಿಮ್ಮದೇ ಅಂತ ತೋರಿಸಲು ಅದರ ಡಿಎನ್ಎಸ್‌ನಲ್ಲಿ (ಡೊಮೇನ್‌ನ ಸೆಟ್ಟಿಂಗ್ ಪಟ್ಟಿ) ಟಿಎಕ್ಸ್‌ಟಿ ರೆಕಾರ್ಡ್ ಅನ್ನುವ ಒಂದು ಸಾಲು ಸೇರಿಸಬೇಕು, ಮೇಲ್ ಕೂಡ ಅಲ್ಲಿಗೇ ಬರಬೇಕಾದರೆ ಎಂಎಕ್ಸ್ ರೆಕಾರ್ಡ್ ಬದಲಿಸಬೇಕು, ಇದಕ್ಕೆಲ್ಲ ಆ ಅಕೌಂಟ್‌ನ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು. ಮೊದಲು ಅದನ್ನು ಕಂಪನಿ ಹೆಸರಿಗೆ ಮಾಡಿಸಿಕೊಳ್ಳಿ. ಒಂದು ವಾರ ತಡವಾದರೂ ಪರವಾಗಿಲ್ಲ.

ಯಾವ ಸೇವೆ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಡೀ ದಿನ ಎಕ್ಸೆಲ್, ಔಟ್‌ಲುಕ್‌ನಲ್ಲೇ ಕೆಲಸ ಅಂದರೆ ಮೈಕ್ರೋಸಾಫ್ಟ್ 365. ಜಿಮೇಲ್ ರೂಢಿಯಾಗಿದ್ದರೆ ಗೂಗಲ್ ವರ್ಕ್‌ಸ್ಪೇಸ್. ಚೆನ್ನೈನ ಜೋಹೊದವರ ವರ್ಕ್‌ಡ್ರೈವ್ ಕೂಡ ಚೆನ್ನಾಗಿದೆ, ಅವರ ಡೇಟಾ ಸೆಂಟರ್ ಭಾರತದಲ್ಲೇ ಇದೆ. ಮೈಕ್ರೋಸಾಫ್ಟ್‌ನ ಬಿಸಿನೆಸ್ ಬೇಸಿಕ್ ಪ್ಲಾನ್‌ನಲ್ಲೇ ತಲಾ 1 ಟಿಬಿ ಸಿಗುತ್ತದೆ, ಗೂಗಲ್‌ನ ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ತಲಾ 2 ಟಿಬಿ. ಸಣ್ಣ ಶಾಪ್‌ಗೆ ಇದು ಧಾರಾಳ. ಪುಕ್ಕಟೆ ಜಿಮೇಲ್‌ನ 15 ಜಿಬಿಯಲ್ಲಿ ವ್ಯವಹಾರ ನಡೆಸಲೇಬೇಡಿ. ಮೇಲ್, ಫೋಟೋ, ಡ್ರೈವ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. ಬಿಲ್ಲಿಂಗ್ ಪುಟದಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಕಟ್ಟಿದ 18% ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ.

ಅಡ್ಮಿನ್ ಇಬ್ಬರಿರಲಿ. ಒಬ್ಬರು ಓನರ್, ಇನ್ನೊಬ್ಬರು ನಂಬಿಕಸ್ತರು. ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿ. ನಿಮ್ಮ ಸೇವೆಯಲ್ಲಿ ಬ್ಯಾಕಪ್ ಕೋಡ್ (ಫೋನ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಬಳಸುವ ಕೋಡ್) ಸಿಗುವುದಾದರೆ ಅಡ್ಮಿನ್ ಅಕೌಂಟ್‌ನವನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಓಟಿಪಿ ಯಾರ ಫೋನ್‌ಗೆ ಬರುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ನಾಳೆ ಕೆಲಸ ಬಿಡಬಹುದಾದವರ ನಂಬರ್ ಅಲ್ಲಿರಬಾರದು.

ಮೈ ಡ್ರೈವ್ ಬೇರೆ, ಶೇರ್ಡ್ ಡ್ರೈವ್ ಬೇರೆ

ಗೂಗಲ್‌ನಲ್ಲಿ ಪ್ರತಿಯೊಬ್ಬರಿಗೂ ಮೈ ಡ್ರೈವ್ ಅಂತ ಒಂದಿರುತ್ತದೆ. ಅದರಲ್ಲಿಟ್ಟ ಫೈಲ್‌ಗೆ ಆ ವ್ಯಕ್ತಿಯೇ ಒಡೆಯ. ಹತ್ತು ಜನಕ್ಕೆ ಶೇರ್ ಮಾಡಿದರೂ ಒಡೆಯ ಅವನೇ. ಆ ಅಕೌಂಟ್ ಅಳಿಸಿದರೆ ಫೈಲ್‌ಗಳೂ ಅದರ ಜೊತೆ ಹೋಗುತ್ತವೆ, ಅಳಿಸಿದ ಅಕೌಂಟನ್ನು ಅಡ್ಮಿನ್ ವಾಪಸ್ ತರಲು ಇರುವುದು 20 ದಿನ. ಶೇರ್ಡ್ ಡ್ರೈವ್‌ನಲ್ಲಿಟ್ಟದ್ದು ಹಾಗಲ್ಲ. ಅದು ಸಂಸ್ಥೆಯದ್ದು, ಯಾರು ಬಂದರೂ ಹೋದರೂ ಅಲ್ಲೇ ಇರುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಇದೇ ಕೆಲಸಕ್ಕೆ ಒನ್‌ಡ್ರೈವ್ ಅಲ್ಲ, ಶೇರ್‌ಪಾಯಿಂಟ್ ಸೈಟ್ ಬಳಸಬೇಕು. ಜೋಹೊದಲ್ಲಿ ಟೀಮ್ ಫೋಲ್ಡರ್. ಈ ಒಂದು ವಿಷಯ ಸರಿ ಮಾಡಿಕೊಂಡರೆ ಅರ್ಧ ತಲೆನೋವು ಹೋಯಿತು.

ನಾಲ್ಕು ಶೇರ್ಡ್ ಡ್ರೈವ್ ಸಾಕು: ಡ್ರಾಯಿಂಗ್, ಕ್ವಾಲಿಟಿ, ಆಫೀಸ್, ಅಕೌಂಟ್ಸ್. ಸಂಬಳದ ವಿವರ ಇರುವ ಅಕೌಂಟ್ಸ್ ಬೇರೆಯದೇ ಇರಲಿ, ಆಫೀಸ್ ಒಳಗೊಂದು ಫೋಲ್ಡರ್ ಮಾಡಿ ಬಚ್ಚಿಡಲು ಹೋಗಬೇಡಿ. ಮೇಲಿನ ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನದಕ್ಕೆಲ್ಲ ಹರಿಯುತ್ತದೆ. ಅನುಮತಿಯನ್ನು ಹೆಸರು ಹೆಸರಿಗೆ ಕೊಡದೆ ಡಿಸೈನ್ ಗ್ರೂಪ್, ಕ್ಯುಸಿ ಗ್ರೂಪ್, ಶಾಪ್ ಫ್ಲೋರ್ ಗ್ರೂಪ್ ಅಂತ ಮಾಡಿ ಗ್ರೂಪ್‌ಗೆ ಕೊಡಿ. ಹೊಸಬರು ಬಂದರೆ ಗ್ರೂಪ್‌ಗೆ ಸೇರಿಸಿದರಾಯಿತು. ಗೂಗಲ್‌ನಲ್ಲಾದರೆ ಡಿಸೈನ್‌ನವರಿಗೆ ಕಂಟೆಂಟ್ ಮ್ಯಾನೇಜರ್ ಅನ್ನುವ ಅನುಮತಿ ಕೊಡಿ, ಹಳೆ ರಿವಿಷನ್‌ಗಳನ್ನು (ಡ್ರಾಯಿಂಗ್ ತಿದ್ದುವ ಮುಂಚಿನ ಆವೃತ್ತಿಗಳು) ಅತ್ತಿತ್ತ ಸರಿಸುವ ಕೆಲಸ ಅವರದ್ದು. ಕ್ವಾಲಿಟಿ ಡ್ರೈವ್‌ನಲ್ಲಿ ಕ್ಯುಸಿಯವರಿಗೆ ಕಂಟ್ರಿಬ್ಯೂಟರ್ ಸಾಕು, ಅವರು ರಿಪೋರ್ಟ್ ಸೇರಿಸಬಹುದು, ಅಳಿಸಲಾಗುವುದಿಲ್ಲ. ಶಾಪ್ ಫ್ಲೋರ್‌ಗೆ ವ್ಯೂವರ್ (ನೋಡಲು ಮಾತ್ರ), ಅದೂ ಇಡೀ ಡ್ರೈವ್‌ಗಲ್ಲ, ಮುಂದೆ ಹೇಳುವ ‘ಚಾಲ್ತಿ’ ಫೋಲ್ಡರ್‌ಗಳಿಗಷ್ಟೇ.

ಹೊರಗಿನವರಿಗೆ ಲಿಂಕ್ ಕೊಡುವಾಗ ‘ಲಿಂಕ್ ಇರುವ ಯಾರಾದರೂ’ ಅನ್ನುವ ಆಯ್ಕೆಯನ್ನು ಅಡ್ಮಿನ್ ಕಡೆಯಿಂದಲೇ ಮುಚ್ಚಿಬಿಡಿ. ಏರೋಸ್ಪೇಸ್, ಡಿಫೆನ್ಸ್ ಕಸ್ಟಮರ್ ಇದ್ದರೆ ಅವರ ಜೊತೆ ಸಹಿ ಹಾಕಿದ ಎನ್‌ಡಿಎ (ಗುಟ್ಟು ಕಾಪಾಡುವ ಒಪ್ಪಂದ) ತೆಗೆದು ಓದಿ. ಡ್ರಾಯಿಂಗ್ ಎಲ್ಲಿಡಬಹುದು, ಯಾರಿಗೆ ತೋರಿಸಬಹುದು ಅಂತ ಅದರಲ್ಲಿ ಷರತ್ತು ಇದ್ದರೆ ಕ್ಲೌಡ್‌ಗೆ ಹಾಕುವ ಮೊದಲೇ ಅವರನ್ನು ಕೇಳಿ.

ರಿವಿಷನ್: ದುಡ್ಡು ಹೋಗುವುದು ಇಲ್ಲೇ

ಒಂದು ಉದಾಹರಣೆ ನೋಡಿ. ಒಂದು ಹೌಸಿಂಗ್‌ನಲ್ಲಿ 25 ಮಿ.ಮೀ. ಬೋರ್, ಅಂದರೆ ಕೊರೆದ ರಂಧ್ರ, ಇದೆ. ರೆವ್ ಬಿ (ರಿವಿಷನ್ ಬಿ) ಡ್ರಾಯಿಂಗ್‌ನಲ್ಲಿ ಅದರ ಅಳತೆಯ ಮಿತಿ ಎಚ್7, ಅಂದರೆ 25ಕ್ಕಿಂತ ಪ್ಲಸ್ 21 ಮೈಕ್ರಾನ್‌ವರೆಗೆ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಹೋಗಬಹುದು. ಕಸ್ಟಮರ್ ರೆವ್ ಸಿಯಲ್ಲಿ ಅದನ್ನು ಎಚ್6 ಮಾಡುತ್ತಾರೆ, ಈಗ ಪ್ಲಸ್ 13 ಮಾತ್ರ. ಹೊಸ ಡ್ರಾಯಿಂಗ್ ಮೇಲ್‌ನಲ್ಲಿ ಬಂದಿದೆ, ಡಿಸೈನ್‌ನವರು ಸೇವ್ ಕೂಡ ಮಾಡಿದ್ದಾರೆ, ಆದರೆ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮೆಷಿನ್) ಆಪರೇಟರ್ ಫೋನ್‌ನಲ್ಲಿ ಹಳೆ ಪಿಡಿಎಫ್ ಇದೆ, ಅವನು ಅದನ್ನೇ ನೋಡಿಕೊಂಡು ಪ್ಲಸ್ 18ಕ್ಕೆ ಬೋರ್ ಮಾಡುತ್ತಾನೆ. ಅವನ ಲೆಕ್ಕದಲ್ಲಿ ಎಲ್ಲ ಪೀಸ್ ಓಕೆ. ಕಸ್ಟಮರ್ ಹತ್ತಿರ ಇಡೀ ಲಾಟ್ ರಿಜೆಕ್ಟ್. ಜಾಸ್ತಿಯಾದ ಬೋರನ್ನು ಕಮ್ಮಿ ಮಾಡಲು ಬರುವುದಿಲ್ಲ ಅಲ್ವಾ.

ಇದನ್ನು ತಡೆಯಲು ಫೋಲ್ಡರನ್ನು ಹೀಗೆ ಕಟ್ಟಿ. ಕಸ್ಟಮರ್ ಹೆಸರು, ಅದರೊಳಗೆ ಪಾರ್ಟ್ ನಂಬರ್, ಅದರೊಳಗೆ ಮೂರೇ ಫೋಲ್ಡರ್: ‘ಚಾಲ್ತಿ’, ‘ಕೆಲಸದಲ್ಲಿ’, ‘ಹಳೆಯದು’. ಚಾಲ್ತಿಯಲ್ಲಿ ಯಾವತ್ತೂ ಒಂದೇ ಪಿಡಿಎಫ್ ಇರಬೇಕು. ಹೊಸದು ಬಂದ ಕೂಡಲೇ ಇದ್ದದ್ದು ಹಳೆಯದಕ್ಕೆ ಹೋಗಬೇಕು. ಆ ಕೆಲಸ ಒಬ್ಬರದ್ದೇ ಆಗಿರಲಿ. ಶಾಪ್ ಫ್ಲೋರ್ ಗ್ರೂಪ್‌ಗೆ ಚಾಲ್ತಿ ಫೋಲ್ಡರ್‌ಗಳಷ್ಟೇ ಕಾಣುವಂತೆ ಶೇರ್ ಮಾಡಿ, ಮೆಷಿನ್ ಪಕ್ಕ ಒಂದು ಟ್ಯಾಬ್ ಇಡಿ. ವಾಟ್ಸಾಪ್‌ನಲ್ಲಿ ಡ್ರಾಯಿಂಗ್ ಕಳಿಸುವುದು ಅವತ್ತಿನಿಂದ ನಿಲ್ಲಬೇಕು. ಓನರ್ ಕಳಿಸುವುದೂ ನಿಲ್ಲಬೇಕು. ನಿಜ ಹೇಳಬೇಕೆಂದರೆ ಅದೇ ಕಷ್ಟ.

ಹೆಸರಿಡುವಾಗ ಪಾರ್ಟ್ ನಂಬರ್, ರಿವಿಷನ್, ತಾರೀಖು ಇಷ್ಟೇ. ತಾರೀಖನ್ನು 2025-06-14 ಅಂತ ವರ್ಷ ಮೊದಲು ಬರೆಯಿರಿ, ಆಗ ಸಾಲಾಗಿ ತಾನೇ ಜೋಡಣೆಯಾಗುತ್ತದೆ. ‘ಫೈನಲ್’, ‘ನ್ಯೂ’, ‘ಲೇಟೆಸ್ಟ್’ ಅನ್ನುವ ಪದಗಳು ಫೈಲ್ ಹೆಸರಿನಲ್ಲಿ ಬೇಡವೇ ಬೇಡ. ಕನ್ನಡದಲ್ಲಿ ಟೈಪ್ ಮಾಡುವ ಪತ್ರಗಳಿದ್ದರೆ ಯೂನಿಕೋಡ್‌ನಲ್ಲೇ ಮಾಡಿ. ಹಳೆ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲ್ ಸರ್ಚ್‌ಗೆ ಸಿಗುವುದಿಲ್ಲ.

ಇನ್ನೊಂದು ಮಾತು. ಗೂಗಲ್ ಶೀಟ್‌ನಲ್ಲಿ ಇಬ್ಬರು ಒಟ್ಟಿಗೆ ಬರೆಯಬಹುದು, ಕ್ಯಾಡ್ ಫೈಲ್‌ನಲ್ಲಿ ಹಾಗಾಗುವುದಿಲ್ಲ. ಇಬ್ಬರು ಒಂದೇ ಡಿಡಬ್ಲ್ಯುಜಿ (ಆಟೋಕ್ಯಾಡ್ ಡ್ರಾಯಿಂಗ್ ಫೈಲ್) ತೆರೆದು ಸೇವ್ ಮಾಡಿದರೆ ಎರಡು ಪ್ರತಿ ಆಗಬಹುದು, ಇಲ್ಲವೇ ಒಬ್ಬರ ಕೆಲಸ ಹೋಗಬಹುದು. ಶೇರ್‌ಪಾಯಿಂಟ್‌ನಲ್ಲಿ ಚೆಕ್ ಔಟ್ (ಒಬ್ಬರು ತಿದ್ದುವಾಗ ಬೇರೆಯವರು ತಿದ್ದದಂತೆ ತಡೆಯುವುದು) ಇದೆ, ಬಳಸಿ. ಸಾಲಿಡ್‌ವರ್ಕ್ಸ್ ಅಸೆಂಬ್ಲಿ ಇದ್ದರೆ ಅದು ಬೇರೆ ಪಾರ್ಟ್ ಫೈಲ್‌ಗಳನ್ನು ಜಾಗ ನೋಡಿ ಹುಡುಕುತ್ತದೆ, ಹಾಗಾಗಿ ಎಲ್ಲ ಕಂಪ್ಯೂಟರ್‌ನಲ್ಲೂ ಕ್ಲೌಡ್ ಡ್ರೈವ್‌ಗೆ ಒಂದೇ ಡ್ರೈವ್ ಅಕ್ಷರ (ಸಿ, ಡಿ ಇದ್ದ ಹಾಗೆ) ಕೊಡಿ.

ಟ್ಯಾಲಿ ಮತ್ತು ಬ್ಯಾಕಪ್

ನಡೆಯುತ್ತಿರುವ ಟ್ಯಾಲಿ ಡೇಟಾ ಫೋಲ್ಡರನ್ನು ಸಿಂಕ್ ಆಗುವ (ಬದಲಾದದ್ದೆಲ್ಲ ತಾನೇ ಕ್ಲೌಡ್‌ಗೆ ಹೋಗುವ) ಜಾಗದಲ್ಲಿ ಇಡಲೇಬೇಡಿ. ಎಂಟ್ರಿ ಹಾಕುತ್ತಿರುವಾಗಲೇ ಸಿಂಕ್ ಅದನ್ನು ಮುಟ್ಟಿದರೆ ಡೇಟಾ ಕೆಡಬಹುದು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ವೈ ಒತ್ತಿ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಫೈಲನ್ನು ಮಾತ್ರ ಅಕೌಂಟ್ಸ್ ಡ್ರೈವ್‌ಗೆ ಹಾಕಿ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇದು ದಿನಾ ಆಗಬೇಕು. 2022ರ ತಿದ್ದುಪಡಿಯ ನಂತರ ಕಂಪನಿ ಲೆಕ್ಕಪತ್ರ ನಿಯಮದಲ್ಲಿ ಪ್ರತಿದಿನದ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲೇ ಇರಬೇಕು ಅಂತಿದೆ. ನೀವು ತೆಗೆದುಕೊಂಡ ಸೇವೆಯ ಡೇಟಾ ಎಲ್ಲಿ ಕೂರುತ್ತದೆ ಅಂತ ಕೇಳಿ, ಆಡಿಟರ್ ಜೊತೆ ಮಾತಾಡಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕು, ಆದ್ದರಿಂದ ಜಾಗ ಸಾಲದು ಅಂತ ಹಳೆ ಇನ್‌ವಾಯ್ಸ್ ಅಳಿಸಬೇಡಿ.

ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ರಾನ್ಸಮ್‌ವೇರ್ (ಹಣ ಕೀಳಲು ಬರುವ ವೈರಸ್) ಬಂದು ಫೈಲ್‌ಗಳಿಗೆ ಬೀಗ ಹಾಕಿದರೆ ಬೀಗ ಬಿದ್ದ ಫೈಲೇ ಕ್ಲೌಡ್‌ಗೂ ಹೋಗುತ್ತದೆ. ಗೂಗಲ್ ಟ್ರ್ಯಾಶ್‌ನಲ್ಲಿ 30 ದಿನ, ಶೇರ್‌ಪಾಯಿಂಟ್‌ನಲ್ಲಿ 93 ದಿನ ಸಿಗುತ್ತದೆ, ಆಮೇಲೆ ಸಿಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಅದಕ್ಕೇ ವಾರಕ್ಕೊಮ್ಮೆ ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಕೇಬಲ್ ಕಿತ್ತು ಬೇರೆ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಅದರಿಂದ ಒಂದು ಡ್ರಾಯಿಂಗ್, ಒಂದು ಟ್ಯಾಲಿ ಬ್ಯಾಕಪ್ ತೆರೆದು ನೋಡಿ. ತೆರೆಯದೇ ಇದ್ದರೆ ಅದು ಬ್ಯಾಕಪ್ ಅಲ್ಲ.

ಸಾಗಿಸುವ ದಿನ

ಎಲ್ಲವನ್ನೂ ಒಂದೇ ಸಲ ಎತ್ತಿ ಹಾಕಬೇಡಿ. ಒಬ್ಬ ಕಸ್ಟಮರ್‌ನ ಫೋಲ್ಡರ್ ಮೊದಲು ಸಾಗಿಸಿ, ಎರಡು ವಾರ ಅದರಲ್ಲೇ ಕೆಲಸ ಮಾಡಿ, ಎಲ್ಲಿ ತೊಡಕಾಗುತ್ತದೆ ನೋಡಿ. ಆಮೇಲೆ ಉಳಿದದ್ದು. ನಿಮ್ಮ ಲೈನ್‌ನ ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 100 ಜಿಬಿ ಹೋಗಲು ಏನಿಲ್ಲವೆಂದರೂ 22 ಗಂಟೆ ಬೇಕು, ಹಾಗಾಗಿ ಶನಿವಾರ ಸಂಜೆ ಶುರು ಮಾಡಿ, ಯುಪಿಎಸ್ ಇರುವ ಕಂಪ್ಯೂಟರ್‌ನಿಂದ ಮಾಡಿ. ಮುಗಿದ ಮೇಲೆ ಹಳೆ ಲ್ಯಾಪ್‌ಟಾಪ್‌ಗಳಲ್ಲಿನ ಫೋಲ್ಡರ್‌ಗಳನ್ನು ಓದಲು ಮಾತ್ರ ಆಗುವಂತೆ ಮಾಡಿ, ಇಲ್ಲದಿದ್ದರೆ ಸೋಮವಾರ ಯಾರೋ ಒಬ್ಬರು ಹಳೆ ಜಾಗದಲ್ಲೇ ಸೇವ್ ಮಾಡುತ್ತಾರೆ. ಆ ಫೋಲ್ಡರ್‌ಗಳು ಒಂದು ತಿಂಗಳು ಹಾಗೇ ಇರಲಿ. ಕ್ಲೌಡ್‌ನಲ್ಲೂ ಹಾರ್ಡ್ ಡಿಸ್ಕ್‌ನಲ್ಲೂ ಎಲ್ಲ ಇದೆ ಅಂತ ಖಾತ್ರಿಯಾದ ಮೇಲೆ ಅಳಿಸಿ.