ಛತ್ರದಲ್ಲಿ ಛತ್ರಿ ಬಿಚ್ಚುವುದು ಹೇಗೆ?

ನಮ್ಮ ಮನೆಯ ಒಂದು ಆರತಕ್ಷತೆ ಆಲ್ಬಮ್‌ನಲ್ಲಿ ಸೋದರತ್ತೆ ಸಾಲಿನ ತುದಿಯಲ್ಲಿ ನಿಂತಿದ್ದಾರೆ. ಮುಖ ಸುಣ್ಣ ಬಳಿದ ಗೋಡೆ. ಕಣ್ಣು, ಮೂಗುತಿ ಬಿಟ್ಟರೆ ಏನೂ ಕಾಣುವುದಿಲ್ಲ. ಇನ್ನೊಂದು ತುದಿಯಲ್ಲಿ ಮಾವನ ಗತಿಯೂ ಅದೇ. ಗಂಡು-ಹೆಣ್ಣು ಮಾತ್ರ ಚೆನ್ನಾಗಿ ಬಂದಿದ್ದಾರೆ. ತೆಗೆದವನು ನಾನೇ. ಅತ್ತೆ ಇವತ್ತಿಗೂ ಆ ಪುಟ ಬಂದಾಗ ನನ್ನ ಕಡೆ ನೋಡುತ್ತಾರೆ.

ಈಗಲೂ ಎಷ್ಟೋ ಮದುವೆಗಳಲ್ಲಿ ಇದೇ ತಪ್ಪು ನೋಡುತ್ತೇನೆ. ಲೈಟು ಗಂಡು-ಹೆಣ್ಣಿಗೆ ಅಂತ ಇಡುತ್ತಾರೆ. ಇಡಬೇಕಾದ್ದು ತುದಿಯಲ್ಲಿ ನಿಲ್ಲುವವರಿಗೆ.

ಬೇಕಾದ ಸಾಮಾನು ಕಡಿಮೆ. 300 ವ್ಯಾಟ್-ಸೆಕೆಂಡ್ ಶಕ್ತಿಯ ಎರಡು ಫ್ಲ್ಯಾಶ್ ಲೈಟು, ಎರಡು ಸ್ಟ್ಯಾಂಡು, ಎರಡು ಬಿಳಿ ಛತ್ರಿ, ಕ್ಯಾಮೆರಾ ಒತ್ತಿದಾಗ ಎರಡೂ ಲೈಟು ಹೊಡೆಸುವ ಒಂದು ಟ್ರಿಗರ್. ಲೈಟಿನ ಮುಂದೆ ಕಟ್ಟುವ ಬಟ್ಟೆ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸ್ ಬೇಡ್ವಾ ಅಂತ ಕೇಳಬೇಡಿ. ಹತ್ತು ಜನರ ಸಾಲಿಗೆ ಬೆಳಕು ಹರಡಬೇಕು, ಅದಕ್ಕೆ ಛತ್ರಿಯೇ ಸರಿ. ಒಳಗೆ ಬೆಳ್ಳಿ ಬಣ್ಣ ಇರುವ ಛತ್ರಿ ಮಾತ್ರ ಬೇಡ. ಸೆಕೆಯಲ್ಲಿ ಬೆವರಿದ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಜರಿ ಸೀರೆ ಬೆಂಕಿ ಹತ್ತಿದ ಹಾಗೆ.

ಎರಡು ಗಂಟೆ ಮೊದಲೇ ಹೋಗಿ, ಪ್ಲಗ್ ಹುಡುಕಿ, ವಯರನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ.

ಇನ್ನು ಲೈಟಿನ ಎತ್ತರ. ಎಲ್ಲರೂ ಛತ್ರದ ನೆಲದಿಂದ ಅಳೆಯುತ್ತಾರೆ. ಜನ ನಿಲ್ಲುವುದು ವೇದಿಕೆಯ ಮೇಲೆ ಅಲ್ವಾ? ವೇದಿಕೆ ಮೂರು ಅಡಿ, ಆಳು ಐದೂವರೆ ಅಡಿ, ತಲೆಯಿಂದ ಮೇಲೆ ಎರಡು ಅಡಿ. ಹತ್ತೂವರೆ ಆಯಿತು. ಅಗ್ಗಕ್ಕೆ ಸಿಗುವ ಏಳಡಿ ಸ್ಟ್ಯಾಂಡು ತಂದರೆ ಬೆಳಕು ಎದೆಗೆ ಹೊಡೆದು, ಹಿಂದಿನ ಹೂವಿನ ಅಲಂಕಾರದ ಮೇಲೆ ಒಬ್ಬೊಬ್ಬರಿಗೂ ಎರಡೆರಡು ನೆರಳು ಬೀಳುತ್ತದೆ. ಸ್ಟ್ಯಾಂಡಿನ ಬುಡಕ್ಕೆ ಮರಳಿನ ಚೀಲ ಕಟ್ಟಿ. ಮುಯ್ಯಿ ಕೊಡುವ ಸಾಲಿನಲ್ಲಿ ಮಕ್ಕಳು ಓಡಾಡುತ್ತವೆ.

ನಾನು ಎಡವಿದ್ದು ಮುಂದಿನ ಹಂತದಲ್ಲಿ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಲೈಟು ಅತ್ತೆಗೆ 6 ಅಡಿ, ಮದುಮಗಳಿಗೆ 12 ಅಡಿ ದೂರ ಇದ್ದರೆ ಅತ್ತೆಗೆ ನಾಲ್ಕು ಪಟ್ಟು ಬೆಳಕು. ಅದೇ ಲೈಟನ್ನು 6 ಅಡಿ ಹಿಂದೆ ಸರಿಸಿ: 12 ಮತ್ತು 18. ಈಗ ವ್ಯತ್ಯಾಸ ಎರಡೂಕಾಲು ಪಟ್ಟು ಮಾತ್ರ. ಪವರ್ ಜಾಸ್ತಿ ಮಾಡಿಕೊಂಡರೆ ಆಯಿತು.

ಉಳಿದ ವ್ಯತ್ಯಾಸಕ್ಕೆ ಲೈಟನ್ನು ಕತ್ತರಿ ಹಾಗೆ ಹಾಕಿ. ಎಡಗಡೆ ಲೈಟು ಬಲತುದಿಯವರನ್ನು ನೋಡಲಿ, ಬಲಗಡೆಯದು ಎಡತುದಿಯವರನ್ನು. ಹತ್ತಿರದವರಿಗೆ ಬೆಳಕಿನ ಅಂಚು ಮಾತ್ರ ತಾಗುತ್ತದೆ, ದೂರದವರಿಗೆ ನಡುಭಾಗ ಸಿಗುತ್ತದೆ. ಸರಿಯಾಯಿತಾ ಅಂತ ನೋಡಲು ಲಗ್ನಪತ್ರಿಕೆ ಸಾಕು. ಸಹಾಯಕನಿಗೆ ಅದರ ಬಿಳಿ ಬೆನ್ನು ನಿಮ್ಮ ಕಡೆ ಹಿಡಿಯಲು ಹೇಳಿ, ಎಡತುದಿ, ಮಧ್ಯ, ಬಲತುದಿ ಮೂರೂ ಕಡೆ ನಿಲ್ಲಿಸಿ ಒಂದೊಂದು ಫೋಟೊ ತೆಗೆಯಿರಿ. ಮೂರರಲ್ಲೂ ಬಿಳುಪು ಒಂದೇ ಇರಬೇಕು. ಎಡಗಡೆ ಮಾತ್ರ ತೀರಾ ಬೆಳ್ಳಗಿದ್ದರೆ ಎಡ ಲೈಟಿನ ತಲೆಯನ್ನು ಬಲಕ್ಕೆ ಇನ್ನೂ ಚೂರು ತಿರುಗಿಸಿ. ಪವರ್ ಮುಟ್ಟಬೇಡಿ, ಮುಟ್ಟಿದರೆ ಮಧ್ಯದವರೂ ಕೆಡುತ್ತಾರೆ.

ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 400, ಲೆನ್ಸಿನ ಕಿಂಡಿ ಎಫ್ 8, ಶಟರ್ 1/125 ಸೆಕೆಂಡು. ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ 1/250 ದಾಟಿದರೆ ಫೋಟೊದ ಒಂದು ಬದಿ ಕಪ್ಪು ಪಟ್ಟಿ ಬರುತ್ತದೆ. ಹಿಂದೆ ಎಲ್‌ಇಡಿ ಪರದೆ ಇದ್ದು ಮಂಕಾಗಿ ಕಂಡರೆ 1/60ಕ್ಕೆ ಇಳಿಸಿ.

ಕೆಲವರು ಇಷ್ಟೆಲ್ಲ ಯಾಕೆ, ಕ್ಯಾಮೆರಾ ಮೇಲಿನ ಫ್ಲ್ಯಾಶನ್ನೇ ಸೀಲಿಂಗಿಗೆ ಹೊಡೆದರೆ ಸಾಕು ಅನ್ನುತ್ತಾರೆ. ಮನೆಯ ನಾಮಕರಣಕ್ಕೆ ಸಾಕು, ಸೀಲಿಂಗು ಬಿಳಿ ಇದ್ದರೆ. ಕೆಂಪು ಶಾಮಿಯಾನದ ಕೆಳಗೆ ಹೊಡೆದು ನೋಡಿ, ಬೀಗರೆಲ್ಲ ಟೊಮೆಟೊ.

ಲೈಟಿನ ಹಿಂಭಾಗದ ‘ಸ್ಲೇವ್’ ಗುಂಡಿ ಆಫ್ ಮಾಡಿ. ಇಲ್ಲದಿದ್ದರೆ ನೆಂಟರ ಕ್ಯಾಮೆರಾ ಮಿಂಚಿದಾಗಲೆಲ್ಲ ನಿಮ್ಮ ಲೈಟೂ ಹೊಡೆಯುತ್ತದೆ, ನಿಮಗೆ ಬೇಕಾದಾಗ ಚಾರ್ಜ್ ಆಗುತ್ತಾ ಕೂತಿರುತ್ತದೆ. ಹೆಸರಿಲ್ಲದ ಅಗ್ಗದ ಟ್ರಿಗರ್ ಕೊಳ್ಳಬೇಡಿ. ಅದು ಕೈಕೊಡುವುದು ದೊಡ್ಡ ಗುಂಪು ನಿಂತಾಗಲೇ.

ಕೊನೆಗೆ ತಾತಂದಿರ ಕನ್ನಡಕ. ಗಾಜಿನಲ್ಲಿ ಛತ್ರಿ ಕಂಡರೆ ಲೈಟು ಇಳಿಸಲು ಓಡಬೇಡಿ, ಇಳಿಸಿದರೆ ಇನ್ನೂ ಜಾಸ್ತಿ ಕಾಣುತ್ತದೆ. ಹತ್ತಿರ ಹೋಗಿ, ‘ತಾತ, ಒಂದ್ನಿಮಿಷ’ ಅಂತ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂದು ಬೆರಳಷ್ಟು ಮೇಲೆತ್ತಿ. ಗಾಜು ಕೆಳಗೆ ಬಾಗುತ್ತದೆ, ಹೊಳಪು ಹೋಗುತ್ತದೆ. ಫೋಟೊ ಆದ ಮೇಲೆ ಅವರೇ ಸರಿಮಾಡಿಕೊಳ್ಳುತ್ತಾರೆ.