ದವಡೆ ಹಲ್ಲಿಗೆ ಕ್ಯಾಪ್, ಬ್ರಿಡ್ಜ್, ಇಂಪ್ಲಾಂಟ್: ಯಾವಾಗ ಯಾವುದು, ಮಾಡಿಸುವಾಗ ಏನು ನೋಡಬೇಕು

ದವಡೆ ಹಲ್ಲು ಮುರಿದ ತಕ್ಷಣ ಬಹಳ ಜನ ಕೇಳುವುದು, ದವಡೆ ಮೂಳೆಯಲ್ಲಿ ಟೈಟಾನಿಯಂ ಬೇರು ನೆಟ್ಟು ಅದರ ಮೇಲೆ ಹಲ್ಲು ಕೂರಿಸುವ ಇಂಪ್ಲಾಂಟ್‌ಗೆ ಎಷ್ಟಾಗುತ್ತದೆ ಎಂದು. ಅದಕ್ಕೂ ಮುಂಚೆ ಒಂದು ಅಳತೆ ಗೊತ್ತಾಗಬೇಕು: ಒಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಸುತ್ತಲೂ ಸುಮಾರು 2 ಮಿ.ಮೀ. ಎತ್ತರ, 1 ಮಿ.ಮೀ. ದಪ್ಪದ ಗೋಡೆ ಇದ್ದು ಬೇರು ಸೀಳಿರದಿದ್ದರೆ ಆ ಹಲ್ಲನ್ನು ಉಳಿಸಿಕೊಳ್ಳಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದಂತೆ ಕ್ಯಾಪ್ ಆ ಗೋಡೆಯನ್ನು ಹಿಡಿದಿಡುತ್ತದೆ. ಗೋಡೆಯೇ ಇಲ್ಲದೆ ಬೇರಿನೊಳಗೆ ಪೋಸ್ಟ್ ಎಂಬ ಸಣ್ಣ ಕಡ್ಡಿ ನಿಲ್ಲಿಸಿ ಕ್ಯಾಪ್ ಕೂರಿಸಿದರೆ ಜಗಿಯುವ ಭಾರವೆಲ್ಲ ಪೋಸ್ಟಿನ ಮೇಲೆ ಬೀಳುತ್ತದೆ. ಪೋಸ್ಟ್ ಕಳಚುತ್ತದೆ, ಇಲ್ಲವೇ ಬೇರು ಸೀಳುತ್ತದೆ. ಬೇರು ಉದ್ದಕ್ಕೆ ಸೀಳಿದ ಹಲ್ಲನ್ನು ಕೀಳುವುದು ಬಿಟ್ಟು ಬೇರೆ ದಾರಿ ಸಾಮಾನ್ಯವಾಗಿ ಇರುವುದಿಲ್ಲ.

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ನೋವು ಹೋಯಿತೆಂದು ಸುಮ್ಮನಾಗುವವರೇ ಹೆಚ್ಚು. ಆದರೆ ಹುಳುಕು ತಿಂದದ್ದರ ಜೊತೆಗೆ ಚಿಕಿತ್ಸೆಗಾಗಿ ಕೊರೆದದ್ದೂ ಸೇರಿ ಒಳಗೆ ಟೊಳ್ಳಾಗಿರುತ್ತದೆ. ಒಂದು ಗಟ್ಟಿ ನಿಪ್ಪಟ್ಟು ಕಡಿದರೂ ಸೀಳಬಹುದು. ತಾತ್ಕಾಲಿಕ ಫಿಲ್ಲಿಂಗ್ ಕೆಲವು ವಾರಗಳಲ್ಲೇ ಸೋರತೊಡಗುತ್ತದೆ, ಎಂಜಲಿನ ಜೊತೆ ಕ್ರಿಮಿಗಳು ಮತ್ತೆ ಬೇರಿಗಿಳಿಯುತ್ತವೆ.

ಕ್ಯಾಪ್ ಹಾಕಿಸುವಾಗ

ಸಾಮಾನ್ಯವಾಗಿ ಎರಡು ಭೇಟಿ ಬೇಕು. ಬಣ್ಣ ಹೊಂದಿಸುವುದು, ಕ್ಯಾಪಿಗೆ ಜಾಗ ಮಾಡಲು ವೈದ್ಯರು ಹಲ್ಲನ್ನು ಉಜ್ಜಿ ಸಣ್ಣದು ಮಾಡುವುದಕ್ಕಿಂತ ಮುಂಚೆ, ಕಿಟಕಿಯ ಬೆಳಕಿನಲ್ಲಿ ಆಗಬೇಕು. ಬಾಯಿ ತೆರೆದು ಕೂತಷ್ಟೂ ಹಲ್ಲು ಒಣಗಿ ಬೆಳ್ಳಗೆ ಕಾಣುತ್ತದೆ, ಆಮೇಲೆ ಆರಿಸಿದ ಬಣ್ಣ ತಪ್ಪುತ್ತದೆ. ನಂತರ ಜಗಿಯುವ ಮೇಲ್ಮೈಯಿಂದ ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪ್‌ಗೆ 1.5ರಿಂದ 2 ಮಿ.ಮೀ., ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್ ಕ್ಯಾಪಿಗೆ 1ರಿಂದ 1.5 ಮಿ.ಮೀ. ಉಜ್ಜುತ್ತಾರೆ. ಉಜ್ಜಿದ್ದು ಕಡಿಮೆಯಾದರೆ ಕ್ಯಾಪ್ ತೆಳ್ಳಗಾಗಿ ಪಿಂಗಾಣಿ ಚಕ್ಕೆ ಏಳುತ್ತದೆ, ಅಥವಾ ಕಚ್ಚುವಾಗ ಎತ್ತರವಾಗುತ್ತದೆ. ಅಚ್ಚು ತೆಗೆಯುವ ಮೊದಲು ಒಸಡಿನಂಚಿಗೆ ಸಣ್ಣ ದಾರ ಒತ್ತಿ ಅದನ್ನು ಸರಿಸಬೇಕಾಗಬಹುದು. ಉಜ್ಜಿದ ಅಂಚು ಅಚ್ಚಿನಲ್ಲಿ ಸ್ಪಷ್ಟವಾಗಿ ಮೂಡದಿದ್ದರೆ ಲ್ಯಾಬಿನವರು ಅಂದಾಜಿನ ಮೇಲೆ ಕ್ಯಾಪ್ ಮಾಡಬೇಕಾಗುತ್ತದೆ. ಅಚ್ಚನ್ನು ಎರಡನೇ ಸಲ ತೆಗೆಯುತ್ತೇನೆ ಎಂದರೆ ಬೇಸರಪಡಬೇಡಿ, ಅದು ಒಳ್ಳೆಯ ಕೈಯ ಲಕ್ಷಣ.

ಲ್ಯಾಬಿನಿಂದ ಬರುವತನಕ, ಅಂದರೆ ಸುಮಾರು ಒಂದು ವಾರ, ತಾತ್ಕಾಲಿಕ ಕ್ಯಾಪ್ ಇರುತ್ತದೆ. ಆ ಕಡೆಯಿಂದ ಕಡಲೆ ಚಿಕ್ಕಿ, ಚೂಯಿಂಗ್ ಗಮ್ ಬೇಡ. ಅರಿಶಿನದ ಅಡುಗೆಯಿಂದ ಅದು ಹಳದಿಯಾದರೆ ಚಿಂತೆಯಿಲ್ಲ. ಕಳಚಿಬಿದ್ದರೆ ಮಾತ್ರ ಅಂದೇ ಫೋನ್ ಮಾಡಿ: ಹಾಗೇ ಬಿಟ್ಟರೆ ಪಕ್ಕದ ಹಲ್ಲು ಸರಿದು ಹೊಸ ಕ್ಯಾಪ್ ಕೂರದೆ ಹೋಗಬಹುದು.

ಎರಡನೇ ಭೇಟಿಯಲ್ಲಿ, ಸಿಮೆಂಟ್ ಹಾಕುವ ಮೊದಲೇ, ಮೂರು ವಿಷಯ ಪರೀಕ್ಷಿಸಿ ಎಂದು ಬಾಯಿಬಿಟ್ಟು ಕೇಳಿ. ಪಕ್ಕದ ಹಲ್ಲುಗಳ ನಡುವೆ ಫ್ಲಾಸ್ ದಾರ ಟಕ್ಕೆಂದು ಬಿಗಿಯಾಗಿ ಇಳಿಯಬೇಕು; ಸಡಿಲವಾಗಿ ಇಳಿದರೆ ಮುಂದೆ ಪ್ರತಿ ಊಟದಲ್ಲೂ ಸೊಪ್ಪು, ಕಾಯಿತುರಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಕ್ಯಾಪಿನ ಅಂಚಿನಲ್ಲಿ ಪ್ರೋಬ್ ಎಂಬ ಮೊನಚು ಸಲಕರಣೆ ಎಳೆದಾಗ ಎಡವಬಾರದು. ಬಣ್ಣದ ಕಾಗದ ಕಚ್ಚಿದಾಗ ಗುರುತು ಆ ಹಲ್ಲಿನ ಮೇಲೊಂದೇ ದಟ್ಟವಾಗಿ ಬೀಳದೆ ಅಕ್ಕಪಕ್ಕದ ಹಲ್ಲುಗಳ ಮೇಲೂ ಮೂಡಬೇಕು. ಅರಿವಳಿಕೆ ಇಳಿದ ಮೇಲೆ ಆ ಹಲ್ಲೇ ಮೊದಲು ತಾಗುತ್ತಿದೆ ಅನ್ನಿಸಿದರೆ “ಅಭ್ಯಾಸವಾಗುತ್ತದೆ” ಎಂದು ಕಾಯಬೇಡಿ. ಹೋಗಿ ಉಜ್ಜಿಸಿಕೊಳ್ಳಿ, ಐದು ನಿಮಿಷದ ಕೆಲಸ. ಕಾದರೆ ಬೇರಿನ ಸುತ್ತಲ ನಾರು ನೊಂದು, ಜಗಿದಾಗಲೆಲ್ಲ ನೋವು ಶುರುವಾಗುತ್ತದೆ.

ಹಲ್ಲು ಹೋಗಿಯೇ ಬಿಟ್ಟಿದ್ದರೆ

ಬುದ್ಧಿ ಹಲ್ಲಿಗೆ ಬದಲಿ ಬೇಡ. ಕಟ್ಟಕಡೆಯ ದವಡೆ ಹಲ್ಲು ಒಂದೇ ಹೋಗಿ, ಉಳಿದ ಹಲ್ಲುಗಳಲ್ಲಿ ಸಲೀಸಾಗಿ ಊಟವಾಗುತ್ತಿದ್ದರೆ ಅದನ್ನೂ ಬಿಡಬಹುದು. ನಡುವೆ ಹೋದ ಹಲ್ಲಿನ ಕತೆ ಬೇರೆ: ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಎದುರು ದವಡೆಯದು ಅದರತ್ತ ಬೆಳೆಯುತ್ತದೆ. ಮೂಳೆ ಸವೆಯುವುದೂ ಕಿತ್ತ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು.

ಅಕ್ಕಪಕ್ಕದ ಎರಡು ಹಲ್ಲುಗಳನ್ನು ಉಜ್ಜಿ, ಅವುಗಳ ಆಸರೆಯಲ್ಲಿ ನಡುವಿನ ಹಲ್ಲನ್ನು ಕೂರಿಸುವುದು ಬ್ರಿಡ್ಜ್. ಬ್ರಿಡ್ಜ್ ಬೇಕೋ ಇಂಪ್ಲಾಂಟ್ ಬೇಕೋ ಎಂಬುದನ್ನು ಅಕ್ಕಪಕ್ಕದ ಹಲ್ಲು ನೋಡಿ ನಿರ್ಧರಿಸಿ. ಅವು ಈಗಾಗಲೇ ದೊಡ್ಡ ಫಿಲ್ಲಿಂಗ್ ಅಥವಾ ಕ್ಯಾಪ್ ಬೇಡುವ ಹಲ್ಲುಗಳಾಗಿದ್ದರೆ ಬ್ರಿಡ್ಜ್ ಸರಿಯೇ. ಎರಡೂ ಹುಳುಕಿಲ್ಲದ ಗಟ್ಟಿ ಹಲ್ಲುಗಳಾಗಿದ್ದರೆ ಒಂದಕ್ಕಾಗಿ ಎರಡನ್ನು ಉಜ್ಜಿಸುವುದು ನಷ್ಟ. ಮೂಳೆ, ಆರೋಗ್ಯ, ಹಣ ಮೂರೂ ಒದಗಿದರೆ ಇಂಪ್ಲಾಂಟ್ ಮೇಲು. ಮೂರರಲ್ಲಿ ಒಂದು ಒದಗದಿದ್ದರೂ ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ ಇದೆ, ಅದರಲ್ಲಿ ಸಂಕೋಚವೇನಿಲ್ಲ.

ಇಂಪ್ಲಾಂಟ್‌ಗೆ ಮುಂಚೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಕೆಳದವಡೆಯಲ್ಲಿ ನರದ ನಾಳಕ್ಕೂ ಇಂಪ್ಲಾಂಟ್‌ಗೂ ಕನಿಷ್ಠ 2 ಮಿ.ಮೀ. ಅಂತರ ಇರಬೇಕು, ಇಲ್ಲದಿದ್ದರೆ ತುಟಿ ಜೋಮು ಹಿಡಿದು ಹಾಗೇ ಉಳಿಯಬಹುದು. ಪಕ್ಕದ ಹಲ್ಲಿನಿಂದ 1.5 ಮಿ.ಮೀ. ದೂರ ಇರಬೇಕು. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಯ ಟೊಳ್ಳು ಇರುವುದರಿಂದ ಮೂಳೆ ಕೂಡಿಸಬೇಕಾಗಬಹುದು. ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ ಒಯ್ಯಿರಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ, ಕೆಲವು ಔಷಧಿಗಳಿಂದ ದವಡೆಯ ಗಾಯ ಮಾಯದೆ ಮೂಳೆ ಸಾಯುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬೀಡಿ, ಸಿಗರೇಟು ಬಿಡದೆ ಇಂಪ್ಲಾಂಟ್ ಮಾಡಿಸಿದರೆ ಅದು ಸೋಲುವ ಸಂಭವ ಹೆಚ್ಚು.

ಟೈಟಾನಿಯಂ ಮೂಳೆಗೆ ಬೆಸೆಯಲು ಕೆಳದವಡೆಯಲ್ಲಿ ಸಾಮಾನ್ಯವಾಗಿ 2ರಿಂದ 3 ತಿಂಗಳು, ಮೇಲ್ದವಡೆಯಲ್ಲಿ 3ರಿಂದ 6 ತಿಂಗಳು ಬೇಕು. ಇಂಪ್ಲಾಂಟ್ ಮೇಲೆ ಕೂರುವ ಹಲ್ಲನ್ನು ಸಾಧ್ಯವಾದರೆ ಸ್ಕ್ರೂನಿಂದಲೇ ಕೂರಿಸಲು ಹೇಳಿ. ಸಿಮೆಂಟ್ ಬಳಸಿದಾಗ ಒಸಡಿನಡಿ ಉಳಿದ ಚೂರಿನಿಂದ ಕೀವಾಗಿ ಮೂಳೆ ಕರಗಿದ ಪ್ರಸಂಗಗಳಿವೆ. ಮುಂದೊಂದು ದಿನ ಹಲ್ಲು ಅಲ್ಲಾಡಿದರೆ ಗಾಬರಿ ಬೇಡ, ಬಹಳ ಸಲ ಸಡಿಲವಾಗಿರುವುದು ಸ್ಕ್ರೂ ಅಷ್ಟೇ. ಹಾಗೇ ಜಗಿಯುತ್ತಿದ್ದರೆ ಸ್ಕ್ರೂ ಒಳಗೇ ಮುರಿಯುತ್ತದೆ, ಬೇಗ ಹೋಗಿ ಬಿಗಿಸಿಕೊಳ್ಳಿ.

ಈ ಕೆಲಸದ ತಜ್ಞರು ಪ್ರಾಸ್ಥೋಡಾಂಟಿಸ್ಟ್‌ಗಳು, ಅಂದರೆ ದಂತವೈದ್ಯ ಪದವಿ ಬಿಡಿಎಸ್ ಮೇಲೆ ಇದೇ ವಿಷಯದಲ್ಲಿ ಮೂರು ವರ್ಷದ ಎಂಡಿಎಸ್ ಮಾಡಿದವರು. ಖರ್ಚು ಕಡಿಮೆಯಾಗಬೇಕೆಂದರೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದ ಸರ್ಕಾರಿ ದಂತ ಕಾಲೇಜಿದೆ. ಇಲ್ಲಿನ ಖಾಸಗಿ ದಂತ ಕಾಲೇಜುಗಳಲ್ಲೂ ಇದಕ್ಕೆ ಪ್ರತ್ಯೇಕ ವಿಭಾಗವಿರುತ್ತದೆ. ಅಲ್ಲಿ ವಿದ್ಯಾರ್ಥಿಗಳು ಮಾಡುವ ಒಂದೊಂದು ಹಂತವನ್ನೂ ಅಧ್ಯಾಪಕರು ನೋಡಿ ಒಪ್ಪಬೇಕು, ಹಾಗಾಗಿ ಭೇಟಿಗಳು ಹೆಚ್ಚು. ಅರ್ಧ ದಿನ ರಜೆ ಹಾಕಿಯೇ ಹೋಗಿ. ಬಿಪಿಎಲ್ ಕಾರ್ಡಿರುವ ಹಿರಿಯರಿಗೆ ಹಲ್ಲಿನ ಸೆಟ್ ಬೇಕಿದ್ದರೆ ಸರ್ಕಾರದ ದಂತಭಾಗ್ಯ ಯೋಜನೆಯ ಬಗ್ಗೆ ಅಲ್ಲಿಯೇ ವಿಚಾರಿಸಿ.

ಎಲ್ಲಿ ಮಾಡಿಸಿದರೂ ಇಂಪ್ಲಾಂಟ್‌ನ ಕಂಪನಿ, ವ್ಯಾಸ, ಉದ್ದ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರನ್ನು ಕೇಳಿ ಪಡೆದು, ಅದರ ಫೋಟೊ ಒಂದನ್ನು ಮನೆಯವರಿಗೂ ಕಳಿಸಿಡಿ. ಒಂದೊಂದು ಕಂಪನಿಯ ಸ್ಕ್ರೂಗೂ ಅದರದೇ ಡ್ರೈವರ್ ಬೇಕಾಗಬಹುದು. ಹತ್ತು ವರ್ಷದ ಮೇಲೆ ಆ ಕ್ಲಿನಿಕ್ ಇರದಿದ್ದರೂ ಬೇರೆ ವೈದ್ಯರು ಆ ಸ್ಟಿಕ್ಕರ್ ನೋಡಿ ಸರಿಯಾದ ಭಾಗ ತರಿಸಬಲ್ಲರು.