ಮೂರು ಮೂಟೆ ಡಿಎಪಿ ಬಿಟ್ಟ ಕಥೆ

ನಮ್ಮದು ಪಾಂಡವಪುರ ತಾಲ್ಲೂಕು. ನಾಲೆ ಕೆಳಗೆ ಒಂದು ಎಕರೆ ಗದ್ದೆ, ಊರಾಚೆ ದಿಣ್ಣೆ ಮೇಲೆ ಒಂದು ಎಕರೆ ಕೆಮ್ಮಣ್ಣಿನ ಹೊಲ. ಗದ್ದೆಗೆ ಕಬ್ಬು, ಎರಡು ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಮುಗಿದ ಮೇಲೆ ಒಂದು ಸಲ ಭತ್ತ. ಹೊಲದಲ್ಲಿ ಮಳೆ ನಂಬಿಕೊಂಡು ರಾಗಿ. ಅಪ್ಪನ ಕಾಲದಿಂದ ಗದ್ದೆಗೆ ಒಂದೇ ಲೆಕ್ಕ: ಎಕರೆಗೆ ಮೂರು ಮೂಟೆ ಡಿಎಪಿ, ಅಂದರೆ ರಂಜಕಕ್ಕೆ (ಫಾಸ್ಫರಸ್) ಅಂತ ಹಾಕುವ ಅಂಗಡಿ ಗೊಬ್ಬರ. ಯಾಕೆ ಮೂರು, ಯಾಕೆ ಎರಡಲ್ಲ ಅಂತ ಯಾರೂ ಕೇಳಿರಲಿಲ್ಲ. ಪಕ್ಕದ ಗದ್ದೆಯವರೂ ಮೂರೇ ಹಾಕುತ್ತಿದ್ದರು, ಅಷ್ಟೇ.

ಐದು ವರ್ಷದ ಹಿಂದೆ ಭತ್ತ ನಾಟಿ ಮಾಡಿ ಇಪ್ಪತ್ತು ದಿನ ಆಗಿತ್ತು. ಪೈರು ಏಳಲೇ ಇಲ್ಲ. ಎಲೆಗಳ ಮೇಲೆ ತುಕ್ಕು ಹಿಡಿದ ತಗಡಿನ ಹಾಗೆ ಕಂದು ಚುಕ್ಕೆ. ಅಲ್ಲಲ್ಲಿ ತೇಪೆ ಹಾಕಿದಂತೆ ಗಿಡ್ಡ ಪೈರು, ಪಕ್ಕದಲ್ಲೇ ಸ್ವಲ್ಪ ಚೆನ್ನಾಗಿರೋದು. ರೋಗ ಅಂದುಕೊಂಡು ಒಂದು ಗೊಬ್ಬರದ ಅಂಗಡಿಗೆ ಎಲೆ ತೆಗೆದುಕೊಂಡು ಹೋದೆ. ಅವರು ಒಂದು ಬಾಟಲಿ ಕೊಟ್ಟರು, ಹೊಡೆದೆ. ಏನೂ ಆಗಲಿಲ್ಲ. ಆಮೇಲೆ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅಲ್ಲಿನ ವಿಜ್ಞಾನಿ ಎಲೆ ನೋಡಿ, ಇದು ರೋಗವಲ್ಲ, ಸತುವಿನ ಕೊರತೆ ಅಂದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಆಗ ವಿಚಿತ್ರ ಅನಿಸಿತು: ‘ಡಿಎಪಿ ಎಷ್ಟು ಹಾಕ್ತೀರಾ? ಕೋಳಿ ಗೊಬ್ಬರ ಹಾಕ್ತೀರಾ?’

ಹಾಕ್ತಿದ್ದೆ. ಹಸು ಮಾರಿದ ಮೇಲೆ ತಿಪ್ಪೆ ಖಾಲಿ, ಹಾಗಾಗಿ ಪ್ರತಿ ವರ್ಷ ಎಕರೆಗೆ ಮೂರು ಟನ್ನಿನಷ್ಟು ಕೋಳಿ ಗೊಬ್ಬರ ತರಿಸುತ್ತಿದ್ದೆ. ಎರಡರಲ್ಲೂ ರಂಜಕ ಇರುತ್ತದಂತೆ, ಅದು ಮಣ್ಣಲ್ಲಿ ಅತಿಯಾದರೆ ಪೈರಿಗೆ ಸತುವು ಸರಿಯಾಗಿ ದಕ್ಕುವುದಿಲ್ಲವಂತೆ. ನಿಂತ ಪೈರಿಗೆ 200 ಲೀಟರ್ ನೀರಿಗೆ 1 ಕೆಜಿ ಸತುವಿನ ಸಲ್ಫೇಟು, ಅರ್ಧ ಕೆಜಿ ಸುಣ್ಣ ಸೇರಿಸಿ ಎರಡು ಸಲ ಹೊಡೆಯಲು ಹೇಳಿದರು. ಮುಂದಿನ ಸಲ ನಾಟಿಗೆ ಮೊದಲೇ ಎಕರೆಗೆ 8 ಕೆಜಿ ಸತುವಿನ ಸಲ್ಫೇಟು ಮಣ್ಣಿಗೆ ಕೊಡಿ, ಆದರೆ ಡಿಎಪಿ ಜೊತೆ ಬೆರೆಸಬೇಡಿ, ಎರಡೂ ಕಚ್ಚಿಕೊಂಡು ಎರಡೂ ದಂಡ ಅಂದರು. ನಾನು ಹಿಂದೆ ಒಂದು ವರ್ಷ ಎರಡನ್ನೂ ಒಂದೇ ಬಾಂಡಲಿಯಲ್ಲಿ ಕಲಸಿ ಎರಚಿದ್ದೆ. ಹೇಳಲಿಲ್ಲ, ಸುಮ್ನೆ ತಲೆಯಾಡಿಸಿದೆ.

ಮಣ್ಣು ಪರೀಕ್ಷೆ ಮಾಡಿಸಿ ಅಂದರು. ಭತ್ತ ಕೊಯ್ದ ಮೇಲೆ ಮಣ್ಣು ತೆಗೆದೆ. ಗದ್ದೆಯ ಹತ್ತು ಕಡೆ, ಅಡ್ಡಾದಿಡ್ಡಿ ನಡೆದುಕೊಂಡು, ಮೇಲಿನ ಕಸ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ ಆರಿಂಚು ಗುಂಡಿ ತೋಡಿ, ಗುಂಡಿಯ ಗೋಡೆಯಿಂದ ಒಂದು ತೆಳು ಪದರ ಮಣ್ಣು ಕೆರೆದು ತೆಗೆಯಬೇಕು. ಬದು, ಮರದ ಬುಡ, ಗೊಬ್ಬರ ಗುಡ್ಡೆ ಹಾಕಿದ್ದ ಜಾಗ ಬಿಡಬೇಕು. ಎಲ್ಲಾ ಸರಿಯಾಗಿಯೇ ಮಾಡಿದೆ. ಕೊನೆಗೆ ಅಷ್ಟೂ ಮಣ್ಣನ್ನು ತುಂಬಿಕೊಂಡು ಹೋದದ್ದು ಮಾತ್ರ ಖಾಲಿ ಡಿಎಪಿ ಚೀಲದಲ್ಲಿ! ಅಲ್ಲಿದ್ದವರು ಚೀಲ ನೋಡಿ ನಕ್ಕುಬಿಟ್ಟರು. ‘ತೊಳೆದಿದ್ದೆ ಸಾರ್’ ಅಂದೆ. ಎರಡು ಕಾಳು ಹೊಲಿಗೆಯಲ್ಲಿ ಸಿಕ್ಕಿದ್ದರೂ ಸಾಕು, ರಿಪೋರ್ಟು ಹಾಳು ಅಂದರು. ವಾಪಸ್ ಬಂದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮತ್ತೆ ತೆಗೆದು, ನೆರಳಲ್ಲಿ ಒಣಗಿಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಎಸೆಯುತ್ತಾ ಅರ್ಧ ಕೆಜಿಗೆ ಇಳಿಸಿ, ಹೊಸ ಬಟ್ಟೆ ಚೀಲದಲ್ಲಿ ಕೊಟ್ಟೆ. ಅದೇ ಸಲ ದಿಣ್ಣೆ ಹೊಲದ ಮಣ್ಣನ್ನೂ ಕೊಟ್ಟೆ. ಇದು ಒಳ್ಳೆಯದಾಯಿತು.

ರಿಪೋರ್ಟು ಬಂತು. ಗದ್ದೆಯಲ್ಲಿ ಲಭ್ಯ ರಂಜಕ ಹೆಕ್ಟೇರಿಗೆ 118 ಕೆಜಿ. ಹೊಲದಲ್ಲಿ 17. ನಮ್ಮ ಕಡೆ 22.9ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 56 ದಾಟಿದರೆ ಜಾಸ್ತಿ ಅಂತ ಲೆಕ್ಕ. ಅಂದರೆ ಗದ್ದೆಯಲ್ಲಿ ಜಾಸ್ತಿಯ ಗೆರೆಗೂ ಎರಡರಷ್ಟು, ಹೊಲದಲ್ಲಿ ಬರಗಾಲ. ಹೊಟ್ಟೆ ತುಂಬಿದವನಿಗೆ ಮೂರು ಹೊತ್ತು ಬಡಿಸಿ, ಹಸಿದವನ ಎಲೆಗೆ ನೀರು ಚಿಮುಕಿಸಿ ಎದ್ದು ಬಂದ ಹಾಗಿತ್ತು ನನ್ನ ಬೇಸಾಯ.

ಆ ರಾತ್ರಿ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. 50 ಕೆಜಿ ಡಿಎಪಿ ಮೂಟೆಯಲ್ಲಿ ರಂಜಕ 23 ಕೆಜಿ. ಮೂರು ಮೂಟೆಗೆ 69. ಕೋಳಿ ಗೊಬ್ಬರದಲ್ಲಿ ನೂರಕ್ಕೆ 2 ಪಾಲು ಅಂತ ಹಿಡಿದರೂ ಮೂರು ಟನ್ನಿಗೆ 60. ಒಟ್ಟು 129 ಕೆಜಿ. ಕಬ್ಬಿಗೆ ಶಿಫಾರಸು ಎಕರೆಗೆ 40. ಅದೂ ಮಧ್ಯಮ ಮಣ್ಣಿಗೆ. ಕೋಳಿ ಗೊಬ್ಬರವನ್ನು ನಾನು ಯಾವತ್ತೂ ರಂಜಕ ಅಂತ ಎಣಿಸಿಯೇ ಇರಲಿಲ್ಲ. ಅದು ಗೊಬ್ಬರ, ಇದು ಡಿಎಪಿ, ಬೇರೆ ಬೇರೆ ಅಂತ ತಲೆಯಲ್ಲಿ ಕೂತಿತ್ತು. ಹಳೆಯ ಕೊಟ್ಟಿಗೆ ಗೊಬ್ಬರ ಇಷ್ಟು ಮೋಸ ಮಾಡುತ್ತಿರಲಿಲ್ಲ. ನಾಲ್ಕು ಟನ್ ಹಾಕಿದರೂ ಅದರಲ್ಲಿ ರಂಜಕ 8 ಕೆಜಿ ಆಸುಪಾಸು. ಕೋಳಿ ಗೊಬ್ಬರ ಹಾಗಲ್ಲ, ಸಾರಜನಕಕ್ಕೆ ಅಂತ ಸುರಿದರೆ ರಂಜಕ ಅದರ ಹಿಂದೆಯೇ ಬಂದು ಮಣ್ಣಲ್ಲಿ ಕೂತುಬಿಡುತ್ತದೆ. ಯೂರಿಯಾದ ಹಾಗೆ ನೀರಲ್ಲಿ ಕೊಚ್ಚಿಹೋಗುವ ಜಾತಿಯದಲ್ಲ.

ಹಾಕಿದ ವರ್ಷ ಬೆಳೆ ಎಳೆದುಕೊಳ್ಳುವುದು ಸುಮಾರು ಐದರಲ್ಲಿ ಒಂದು ಪಾಲು. ಉಳಿದದ್ದನ್ನು ಕೆಮ್ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ, ಸುಣ್ಣದಂಶ ಜಾಸ್ತಿ ಇರುವ ಮಣ್ಣಲ್ಲಿ ಕ್ಯಾಲ್ಸಿಯಂ. ಅದು ಪೂರ್ತಿ ಸತ್ತ ದುಡ್ಡಲ್ಲ. ಅಂಚೆ ಕಚೇರಿಯ ಠೇವಣಿ ಇದ್ದ ಹಾಗೆ, ನಿಧಾನಕ್ಕೆ ಬರುತ್ತದೆ. ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಕಬ್ಬಿಣ ಹಿಡಿದಿಟ್ಟ ರಂಜಕ ಒಂದಷ್ಟು ಸಡಿಲವಾಗಿ ಬೇರಿಗೆ ಸಿಗುತ್ತದೆ. ನಾನು ಇಪ್ಪತ್ತು ವರ್ಷ ಠೇವಣಿ ಕಟ್ಟುತ್ತಲೇ ಇದ್ದೆ, ಒಂದು ಸಲವೂ ಪಾಸ್‌ಬುಕ್ ತೆಗೆದು ನೋಡಿರಲಿಲ್ಲ.

ಅಪ್ಪನಿಗೆ ಹೇಳಿದೆ, ಈ ಸಲ ಕಬ್ಬಿಗೆ ಡಿಎಪಿ ಬೇಡ. ‘ಡಿಎಪಿ ಬುಟ್ಟು ಕಬ್ಬು ಬೆಳಿತೀಯೇನ್ಲಾ? ಪೇಪರ್ ನೋಡ್ಕಂಡು ಬೇಸಾಯ ಮಾಡಂಗಾಯ್ತಾ?’ ಅಂದರು. ಕೊನೆಗೆ ರಾಜಿ ಆದದ್ದು ಹತ್ತು ಗುಂಟೆಗೆ. ಉಳಿದ ಮೂವತ್ತು ಗುಂಟೆಗೆ ಹಳೇ ಪದ್ಧತಿ. ಕೋಳಿ ಗೊಬ್ಬರ ಮಾತ್ರ ಎರಡೂ ಕಡೆ ಇಲ್ಲ.

ಎರಡು ತಿಂಗಳಿಗೆ ನನ್ನ ಹತ್ತು ಗುಂಟೆ ಎದ್ದು ಕಾಣುವಷ್ಟು ಬಿಳಿಚಿಕೊಂಡಿತು. ಬದು ಮೇಲೆ ನಿಂತರೆ ಗೆರೆ ಎಳೆದ ಹಾಗೆ, ಈ ಕಡೆ ಹಸಿರು, ಆ ಕಡೆ ತಿಳಿ ಹಳದಿ. ಅಪ್ಪ ದಿನಾ ಯಾರಾದರೂ ಒಬ್ಬರನ್ನು ಕರೆದುಕೊಂಡು ಬಂದು ತೋರಿಸುತ್ತಿದ್ದರು. ನನಗೂ ಧೈರ್ಯ ಹೋಯಿತು. ಆಮೇಲೆ ಒಂದು ಸಂಜೆ ಡಿಎಪಿ ಚೀಲದ ಮೇಲಿನ 18-46 (ನೂರಕ್ಕೆ 18 ಸಾರಜನಕ, 46 ರಂಜಕ) ನೋಡಿದಾಗ ಹೊಳೆಯಿತು. 46 ಬೇಡ ಅಂತ ಬಿಟ್ಟೆ, ಅದರ ಜೊತೆ 18ನ್ನೂ ಬಿಟ್ಟಿದ್ದೆನಲ್ಲ! ಮೂರು ಮೂಟೆಯಲ್ಲಿ 27 ಕೆಜಿ ಸಾರಜನಕ ಇರುತ್ತದೆ. ಹತ್ತು ಗುಂಟೆಗೆ ಆರೂಮುಕ್ಕಾಲು ಕೆಜಿ, ಅಂದರೆ 15 ಕೆಜಿ ಯೂರಿಯಾ. ಮಾರನೆಯ ದಿನವೇ ಬುಡಕ್ಕೆ ಹಾಕಿ ಮಣ್ಣೇರಿಸಿ ನೀರು ಕಟ್ಟಿದೆ. ಎರಡು ವಾರದಲ್ಲಿ ಆ ಗೆರೆ ಅಳಿಸಿಹೋಯಿತು. ಡಿಎಪಿ ಬಿಟ್ಟು ನೋಡಿದೆ, ಬೆಳೆ ಕೆಟ್ಟಿತು ಅನ್ನುವವರಲ್ಲಿ ಅರ್ಧ ಜನ ಈ ಗುಂಡಿಗೇ ಬಿದ್ದಿರುತ್ತಾರೆ ಅಂತ ನನ್ನ ಗುಮಾನಿ.

ಕಟಾವಿನಲ್ಲಿ ಬೇರೆ ಬೇರೆ ತೂಕ ಹಾಕಿಸಲು ಆಗಲಿಲ್ಲ. ಕಡಿಯುವವರು ಒಂದೇ ಲಾರಿಗೆ ತುಂಬಿದರು. ಕಡಿಯುವ ಹಿಂದಿನ ದಿನ ಎರಡೂ ಕಡೆ ಹತ್ತು ಮಾರು ಉದ್ದದ ಸಾಲು ಅಳೆದು, ಜಲ್ಲೆ ಎಣಿಸಿ, ಆಲೆಮನೆಯ ತಕ್ಕಡಿ ತಂದು ತೂಗಿದೆ. ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡೂ ಕೂಳೆಗೆ ಇಡೀ ಎಕರೆಗೆ ಡಿಎಪಿ ಬಿಟ್ಟೆ, ಯೂರಿಯಾ, ಪೊಟ್ಯಾಷ್ ಮಾತ್ರ. ತರಗು ಸುಡಲಿಲ್ಲ, ಸಾಲಿನ ಮಧ್ಯೆ ಹರಡಿದೆ. ಈಗಿನ ರೇಟಿನಲ್ಲಿ ಮೂರು ಮೂಟೆ ಅಂದರೆ ನಾಲ್ಕು ಸಾವಿರ ದಾಟುತ್ತದೆ.

ಮೂರು ವರ್ಷ ಆದಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ, ಬೇರೆ ಲ್ಯಾಬಿನಲ್ಲಿ. ರಿಪೋರ್ಟಿನಲ್ಲಿ ರಂಜಕ 44 ಅಂತ ಇತ್ತು! 118 ಇದ್ದದ್ದು 44ಕ್ಕೆ ಇಳಿಯಿತಾ, ಇನ್ನೆರಡು ವರ್ಷಕ್ಕೆ ಖಾಲಿ ಅಂತ ಎದೆ ಧಸಕ್ ಅಂದಿತು. ಡಿಎಪಿಗೆ ಸೊಸೈಟಿಯಲ್ಲಿ ಹೆಸರು ಬರೆಸಿಯೂ ಬಂದೆ. ಆಮೇಲೆ ಗೊತ್ತಾಯಿತು, ಮೊದಲನೆಯದರಲ್ಲಿ ಲೆಕ್ಕ ರಂಜಕದ ಪೆಂಟಾಕ್ಸೈಡಿನದು (ರಂಜಕಕ್ಕೆ ಆಮ್ಲಜನಕ ಸೇರಿದ್ದು; ಗೊಬ್ಬರದ ಚೀಲದ ಮೇಲಿನದೂ, ಇಲ್ಲಿ ನಾನು ಹೇಳಿದ ಲೆಕ್ಕಗಳೂ ಅದೇ), ಇದರಲ್ಲಿ ಬರೀ ರಂಜಕದ್ದು. ಬರೀ ರಂಜಕವನ್ನು 2.29ರಿಂದ ಗುಣಿಸಬೇಕು. 44 ಅಂದರೆ 101. ಎರಡು ಕೂಳೆಗೆ ಒಂದು ಕಾಳು ಡಿಎಪಿ ಹಾಕದಿದ್ದರೂ ಇಳಿದದ್ದು ಅಷ್ಟೇ! ರಿಪೋರ್ಟು ಕೈಗೆ ಬಂದರೆ ಮೊದಲು ಇದನ್ನು ನೋಡಿಕೊಳ್ಳಿ. ಆಮೇಲೆ ಎಕರೆಯಾ ಹೆಕ್ಟೇರಾ ನೋಡಿ.

ದಿಣ್ಣೆ ಹೊಲದ ಕಥೆ ಉಲ್ಟಾ. ಅಲ್ಲಿ ರಾಗಿಗೆ ನಾವು ಹಾಕುತ್ತಿದ್ದದ್ದೇ ಒಂದು ಸ್ವಲ್ಪ ಯೂರಿಯಾ. ಮಳೆ ರಾಗಿಗೆ ಎಕರೆಗೆ 16 ಕೆಜಿ ರಂಜಕ ಬೇಕು. ಎರಡು ಮೂಟೆ ಸೂಪರ್ ಫಾಸ್ಫೇಟಿಗೆ ಸರಿಯಾಗಿ ಅಷ್ಟೇ ಬರುತ್ತದೆ, ಜೊತೆಗೆ ಗಂಧಕ, ಕ್ಯಾಲ್ಸಿಯಂ ಬೇರೆ. ಮೊದಲ ವರ್ಷ ಎರಚಿದೆ, ಅಷ್ಟೇನೂ ಕಾಣಲಿಲ್ಲ. ರಂಜಕ ಬಿದ್ದಲ್ಲಿಂದ ಹೆಚ್ಚು ದೂರ ಸರಿಯದು, ಬೇರೇ ಅದನ್ನು ಹುಡುಕಿಕೊಂಡು ಬರಬೇಕು. ಎರಡನೇ ವರ್ಷ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ, ಕೂರಿಗೆ ಸಾಲಿಗೇ ಬಿಟ್ಟೆ. ಆ ವರ್ಷದ ರಾಗಿ ಬೇರೆಯೇ. ತೆಂಡೆ (ಬುಡದಿಂದ ಒಡೆಯುವ ಕವಲು) ಜಾಸ್ತಿ, ಮೊದಲ ತಿಂಗಳಲ್ಲೇ ನೆಲ ಮುಚ್ಚಿತು. ಮಳೆಯೂ ಚೆನ್ನಾಗಿತ್ತು ಅನ್ನಿ, ಎಲ್ಲಾ ಸೂಪರ್ ಫಾಸ್ಫೇಟಿನ ಮಹಿಮೆ ಅಂತ ಹೇಳಲಾರೆ.

ಗದ್ದೆಯ ರಂಜಕ ಮಣ್ಣಲ್ಲೇ ಇರುತ್ತದೆ ಅಂದೆನಲ್ಲ, ಮಣ್ಣು ಹೋದರೆ ಅದೂ ಹೋಗುತ್ತದೆ. ನಮ್ಮ ಗದ್ದೆ ಬಸಿ ನೀರು ಸೇರುವ ಕಟ್ಟೆ ಬೇಸಿಗೆಯಲ್ಲಿ ಹಸಿರು ಬಣ್ಣ ಕಲಸಿದ ಹಾಗಿರುತ್ತದೆ, ಎಮ್ಮೆ ಕೂಡ ಇಳಿಯಲು ಯೋಚಿಸುತ್ತದೆ. ಅದಕ್ಕೆ ನಾನೊಬ್ಬನೇ ಕಾರಣ ಅಲ್ಲ. ಈಗ ಗೊಬ್ಬರ ಕೊಟ್ಟ ಮೇಲೆ ಒಂದು ವಾರ ನೀರು ಹೊರಬಿಡುವ ಗದ್ದೆಯ ಮಡೆ ಮಾತ್ರ ಒಡೆಯುವುದಿಲ್ಲ.

ಮೊನ್ನೆ ಕೋಳಿ ಗೊಬ್ಬರದವನು ಫೋನ್ ಮಾಡಿದ್ದ. ‘ಗದ್ದೆಗೇ ತಾನೇ ಅಣ್ಣ, ಎಂದಿನಂತೆ?’ ಅಂದ. ಅಲ್ಲ, ದಿಣ್ಣೆ ಹೊಲಕ್ಕೆ ಇಳಿಸು, ಒಂದು ಟನ್ ಸಾಕು ಅಂದೆ. ಆ ದಾರಿಯಲ್ಲಿ ಟ್ರಾಕ್ಟರ್ ಹತ್ತಲ್ಲ, ಬಾಡಿಗೆ ಇನ್ನೂರು ಜಾಸ್ತಿ ಆಗುತ್ತೆ ಅಂತ ಇನ್ನೂ ಚೌಕಾಸಿ ನಡೀತಾ ಇದೆ.